ಮಲಸಮುದ್ರದ ಸಾಕ್ಷ್ಯ: ನಂಬಿಕೆ, ಕ್ರಿಯೆ ಮತ್ತು ಬಾದಾಮಿ ಸೀಮೆಯ ನೇಕಾರರು

ಬಾಸೆಲ್ ಮಿಷನ್ ಎಂದರೆ ಲೂಥರನ ಪಂಥ. ಲೂಥರ್ ಎಂದರೆ ನಂಬಿಕೆಯೊಂದೇ ಸಾಕು. ಆದ್ದರಿಂದ ಗುಳೇದಗುಡ್ಡದ ನೇಕಾರರಿಗೆ ಮತಾಂತರವೆಂದರೆ ಆಚಾರದ ಹೊರೆಯಿಂದ ಬಿಡುಗಡೆ. ನಮ್ಮ ಮಿಷನ್ ಚರಿತ್ರೆಗಳಲ್ಲಿ ಬೇರೂರಿದ ಈ ತರ್ಕ ಬುಡದಲ್ಲೇ ಟೊಳ್ಳು.

1815ರಲ್ಲಿ ಮಿಷನ್ ಹುಟ್ಟಿದ ಬಾಸೆಲ್ ರಿಫಾರ್ಮ್ಡ್ ಸಭೆಯ ಊರು. ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ವ್ಯೂರ್ಟೆಂಬರ್ಗಿನ ಪಯಟಿಸ್ಟರು. ಹೃದಯ ತಿರುಗಿದ್ದು ನಡತೆಯಲ್ಲಿ ಕಾಣಬೇಕೆಂದು ಪಟ್ಟುಹಿಡಿದವರು. ಇನ್ನು ಲೂಥರ್: 1522ರ ಹೊಸ ಒಡಂಬಡಿಕೆಯಲ್ಲಿ ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆನ್ನುವ ಯಾಕೋಬನ ಪತ್ರಿಕೆಯನ್ನು ಅವನು ಕೊನೆಯ ಸಾಲಿಗೆ ತಳ್ಳಿದ್ದು ನಿಜ. ಆದರೆ 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರದ 6ನೇ ವಿಧಿಯ ತಾತ್ಪರ್ಯವೇನು? ನಂಬಿಕೆ ಸತ್ಕ್ರಿಯೆಯ ಫಲ ಬಿಡಲೇಬೇಕು. ಆ ಫಲವನ್ನು ನೆಚ್ಚಿ ರಕ್ಷಣೆಯ ಹಕ್ಕು ಸಾಧಿಸಬಾರದು, ಅಷ್ಟೆ. ಇದನ್ನು ಓದದೆಯೇ ಲೂಥರನ ಹೆಸರು ಹೇಳುವವರೇ ಜಾಸ್ತಿ.

ಈಗ ವಿವಾದದ ಸಾಕ್ಷ್ಯಕ್ಕೆ ಬರೋಣ. 1840ರ ಆಸುಪಾಸಿನಲ್ಲಿ, ಹೊಸ ಗುರು ಬರುವನೆಂದು ಕಾದಿದ್ದ ಕಾಲಜ್ಞಾನಿಗಳು ಧಾರವಾಡ ಸೀಮೆಯ ಮಿಷನರಿಗಳ ಸಂಪರ್ಕಕ್ಕೆ ಬಂದರು. ಅವರಿಗೆಂದೇ 1841ರಲ್ಲಿ ಗದಗಿನ ಹತ್ತಿರ ಮಲಸಮುದ್ರದ ವಸಾಹತು ಕಟ್ಟಿದರು. ಎಣಿಸಿದಷ್ಟು ಜನ ಬರಲಿಲ್ಲ. ಭೂಮಿಯ ಆಸೆಗೆ ಬಂದವರು ನಂಬಿಕೆ ಕೇಳಿದೊಡನೆ ಹಿಂದೆಗೆದರು ಎಂಬುದು ರೂಢಿಯ ಓದು. ಇದು ಮಿಷನರಿಗಳ ನಿರಾಶೆಯನ್ನೇ ಚರಿತ್ರೆಯೆಂದು ಒಪ್ಪಿಕೊಂಡ ಓದು. ಗುರುವಿನ ಬರವನ್ನು ಕಾದವರಲ್ಲಿ ನಂಬಿಕೆಗೆ ಬರವಿರಲಿಲ್ಲ. ಎದುರಾದದ್ದು ಬೇರೆಯದೇ ಅಳತೆ: ಬೋಧನೆ, ಪರೀಕ್ಷೆ, ಬದಲಾದ ನಡತೆ ಇವೆಲ್ಲ ಆದ ಮೇಲೆ ದೀಕ್ಷಾಸ್ನಾನ, ಆಮೇಲೂ ಹಿರಿಯರ ಕಣ್ಗಾವಲು, ತಪ್ಪಿದವರಿಗೆ ಪ್ರಭುಭೋಜನದಿಂದ ದೂರವಿರುವ ಶಿಕ್ಷೆ. ಸಿದ್ಧಾಂತದಲ್ಲಿ ಕೃಪೆ ಬಿಟ್ಟಿ. ಸಭೆಯ ಹೊಸ್ತಿಲಲ್ಲಿ ಮಾತ್ರ ಕ್ರಿಯೆಯೇ ಗುರುತಿನ ಚೀಟಿ. ಬಡತನದ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಅದೊಂದೇ ಕಾರಣ ಎಂಬುದಕ್ಕಷ್ಟೇ ನನ್ನ ತಕರಾರು. 1851ರಲ್ಲಿ ಗುಳೇದಗುಡ್ಡದಲ್ಲಿ ಠಾಣ್ಯ ತೆರೆದಾಗ ನೇಕಾರರಿಗೆ ದೊರೆತದ್ದೂ ಇದೇ ಶಿಸ್ತು. ಬಿಡುಗಡೆಯಲ್ಲ, ಇನ್ನೊಂದು ಆಚಾರ.

ಬಾಸೆಲ್ ಮಿಷನರಿ ಕಿಟ್ಟೆಲರ ‘ಯಜ್ಞಸುಧಾನಿಧಿ’ಯನ್ನು (1872) ನನ್ನ ಮಾತಿಗೆ ಎದುರಾಗಿ ಒಡ್ಡುವವರಿದ್ದಾರೆ. ಅದು ವೈದಿಕ ಯಜ್ಞವನ್ನು ಎದುರಿಟ್ಟುಕೊಂಡ ಕೃತಿ. ಯಜ್ಞ ಮಾಡದ ಮಗ್ಗದ ಕೇರಿಗೆ ಅದನ್ನು ಸಾಕ್ಷಿಯಾಗಿ ಕರೆತರುವುದು ಅನ್ಯಾಯ. ಹುನಗುಂದ ಸೀಮೆಯ ಕೂಡಲಸಂಗಮದಿಂದ ಕಾಯಕವನ್ನೆತ್ತಿ ನೇರವಾಗಿ ಲೂಥರನಿಗೆ ಗಂಟುಹಾಕುವ ಉತ್ಸಾಹಿಗಳಿಗೂ ಒಂದು ಮಾತು: ಅವರು ಆಧಾರವೆನ್ನುವ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರನೇ ಪ್ರಾಟೆಸ್ಟಂಟ್ ನೀತಿಯನ್ನು ಕುರಿತ 1904–05ರ ಬರಹದಲ್ಲಿ ಹೆಚ್ಚಿನ ಒತ್ತು ಕೊಟ್ಟದ್ದು ಕ್ಯಾಲ್ವಿನ್ ಪಂಥಕ್ಕೆ. ಶರಣರ ಕಾಯಕ ಮೋಕ್ಷಕ್ಕೆ ತೆತ್ತ ಕೂಲಿಯೂ ಅಲ್ಲ, ಕ್ಯಾಲ್ವಿನ್ ಪಂಥದವರು ಹೇಳುವ, ದೇವರು ಆಯ್ದವರ ಲಕ್ಷಣವೂ ಅಲ್ಲ.

ರಕ್ಷಣೆ ಕೃಪೆಯಿಂದಲೇ, ಸತ್ಕ್ರಿಯೆ ಅದರ ಫಲ ಎಂದು ಲೂಥರನ್ ಒಕ್ಕೂಟವೂ ರೋಮನ್ ಕ್ಯಾಥೊಲಿಕ್ ಸಭೆಯೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಸಹಿ ಹಾಕಿದವು. ನಮ್ಮ ಚರಿತ್ರೆಕಾರರು ಇನ್ನೂ ಹಳೆಯ ಜಗಳದ ಒಂದು ಪಕ್ಷವನ್ನೇ ಹಿಡಿದು ಕೂತಿದ್ದಾರೆ. ಗುಳೇದಗುಡ್ಡ, ಇಳಕಲ್ಲ, ಬಾಗಲಕೋಟೆಯ ಕ್ರೈಸ್ತ ಮನೆಗಳಲ್ಲಿ ಹಳೆಯ ದೀಕ್ಷಾಸ್ನಾನದ ದಾಖಲೆ, ಸಭಾ ಶಿಸ್ತಿನ ಬರಹ, ಕಾಗದಪತ್ರಗಳೇನಾದರೂ ಇದ್ದರೆ ರದ್ದಿಗೆ ಹಾಕಬೇಡಿ. ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹಕ್ಕೆ ತಲುಪಿಸಿ.