ಲ್ಯಾಮಿನೇಟೆಡ್ ಸುರಕ್ಷಾ ಗಾಜಿನ ಆವಿಷ್ಕಾರಗಳಲ್ಲಿ ಸ್ವಯಂವಿದಿತತೆಯ ಪರೀಕ್ಷೆ

ಲ್ಯಾಮಿನೇಟೆಡ್ ಸುರಕ್ಷಾ ಗಾಜು ಎಂದರೆ ಎರಡು ಅಥವಾ ಹೆಚ್ಚು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವನ್ನಿಟ್ಟು ಬೆಸೆದ ಗಾಜು. ಒಡೆದಾಗ ಚೂರುಗಳು ಪದರಕ್ಕೆ ಅಂಟಿಕೊಂಡೇ ಉಳಿಯುವುದರಿಂದ ಇದನ್ನು ವಾಹನಗಳ ಮುಂಭಾಗದಲ್ಲಿ ಅಳವಡಿಸುತ್ತಾರೆ. ಇದರ ಸುಧಾರಣೆಯೊಂದಕ್ಕೆ ಪೇಟೆಂಟ್ ಪಡೆಯಲು ಅದು ಹೊಸದಾಗಿದ್ದರೆ ಸಾಲದು. ಆ ಕ್ಷೇತ್ರದ ನುರಿತ ವ್ಯಕ್ತಿಗೆ ಸ್ವಯಂವಿದಿತವಾಗಿರಲೂ ಬಾರದು.

ಹಿನ್ನೆಲೆ

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎಡ್ವಾರ್ ಬೆನೆಡಿಕ್ಟಸ್ 1909ರಲ್ಲಿ ಇಂತಹ ಗಾಜಿಗೆ ಪೇಟೆಂಟ್ ಪಡೆದನು. ಸೆಲ್ಯುಲೋಸ್ ನೈಟ್ರೇಟ್ ಲೇಪವಿದ್ದ ಸೀಸೆಯೊಂದು ಬಿದ್ದು ಬಿರುಕುಬಿಟ್ಟರೂ ಚೂರುಗಳು ಚದುರದಿದ್ದುದೇ ಅವನಿಗೆ ಪ್ರೇರಣೆ ಎಂದು ಹೇಳಲಾಗುತ್ತದೆ. ಆರಂಭದ ಸೆಲ್ಯುಲಾಯ್ಡ್ ಪದರವು ಬಿಸಿಲಿಗೆ ಹಳದಿಯಾಗುತ್ತಿತ್ತು. 1930ರ ದಶಕದಲ್ಲಿ ಪಾಲಿವಿನೈಲ್ ಬ್ಯುಟಿರಾಲ್ ಬಳಕೆಗೆ ಬಂದು, ಕ್ರಮೇಣ ಹಳೆಯ ಪದರಗಳ ಸ್ಥಾನವನ್ನು ಆಕ್ರಮಿಸಿತು.

ಕಾನೂನು

ಭಾರತದ ಪೇಟೆಂಟ್ ಕಾಯ್ದೆ, 1970ರ ಕಲಂ 2(1)(ಜೆಎ) ಪ್ರಕಾರ ಆವಿಷ್ಕಾರಕ ಹೆಜ್ಜೆಯು ತಾಂತ್ರಿಕ ಮುನ್ನಡೆಯನ್ನು ಅಥವಾ ಆರ್ಥಿಕ ಮಹತ್ವವನ್ನು ಅಥವಾ ಎರಡನ್ನೂ ಹೊಂದಿದ್ದು, ನುರಿತ ವ್ಯಕ್ತಿಗೆ ಸ್ವಯಂವಿದಿತವಲ್ಲದ್ದಾಗಿರಬೇಕು. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ (1978) ಸರ್ವೋಚ್ಚ ನ್ಯಾಯಾಲಯವು, ಸುಧಾರಣೆಯು ಕೇವಲ ಕಾರ್ಯಾಗಾರದ ಮಾರ್ಪಾಡಿಗಿಂತ ಹೆಚ್ಚಿನದಾಗಿರಬೇಕೆಂದು ಹೇಳಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಗ್ರಹಾಂ ಪ್ರಕರಣದಲ್ಲಿ (1966) ಮೂರು ಅಂಶಗಳನ್ನು ಪರಿಶೀಲಿಸಬೇಕೆಂದಿತು: ಹಿಂದಿನ ಜ್ಞಾನದ ವ್ಯಾಪ್ತಿ, ಆವಿಷ್ಕಾರಕ್ಕೂ ಅದಕ್ಕೂ ಇರುವ ವ್ಯತ್ಯಾಸ ಮತ್ತು ಆ ಕ್ಷೇತ್ರದ ಸಾಮಾನ್ಯ ಕೌಶಲದ ಮಟ್ಟ.

ಅನ್ವಯ

ಒಂದು ಕಲ್ಪಿತ ಉದಾಹರಣೆ: ಶಬ್ದವನ್ನು ತಗ್ಗಿಸುವುದೆಂದು ಮೊದಲೇ ತಿಳಿದ ಪ್ಲಾಸ್ಟಿಕ್ಕನ್ನು ಅದೇ ಉದ್ದೇಶಕ್ಕಾಗಿ ಗಾಜಿನ ನಡುವೆ ಇಟ್ಟು, ನಿರೀಕ್ಷಿತ ಫಲವನ್ನೇ ಪಡೆದರೆ ಅದು ಸಾಮಾನ್ಯವಾಗಿ ಸ್ವಯಂವಿದಿತ. ಆದರೆ ಆ ಪ್ಲಾಸ್ಟಿಕ್ ಗಾಜಿಗೆ ಅಂಟದೆಂದು ಹಿಂದಿನ ಗ್ರಂಥಗಳು ಹೇಳಿದ್ದು, ಅರ್ಜಿದಾರನು ಅಂಟಿಸುವ ವಿಧಾನವನ್ನು ಕಂಡುಕೊಂಡಿದ್ದರೆ ವಾದ ಬಲವಾಗುತ್ತದೆ. ಬಹುಕಾಲದ ಕೊರತೆ ನೀಗಿದ್ದು, ಇತರರು ವಿಫಲರಾದದ್ದು ಮತ್ತು ಅನಿರೀಕ್ಷಿತ ಫಲ ದೊರೆತದ್ದು ಪೂರಕ ಸಾಕ್ಷ್ಯಗಳು.

ಹಿನ್ನೋಟದ ದೋಷ

ಪರಿಹಾರವನ್ನು ಅರಿತ ಮೇಲೆ ಪ್ರತಿಯೊಂದು ಹೆಜ್ಜೆಯೂ ಸುಲಭವಾಗಿಯೇ ತೋರುತ್ತದೆ. ಆದ್ದರಿಂದ ಪರೀಕ್ಷಕನು ಅರ್ಜಿಯ ಅಥವಾ ಆದ್ಯತೆಯ ದಿನಾಂಕಕ್ಕೆ ಹಿಂದೆ ಸರಿದು, ಅಂದು ಲಭ್ಯವಿದ್ದ ಜ್ಞಾನದಿಂದಲೇ ತೀರ್ಮಾನಿಸಬೇಕು. ಮಾನದಂಡ ಸಡಿಲವಾದರೆ ಎಲ್ಲರಿಗೂ ಸೇರಿದ ತಿಳಿವು 20 ವರ್ಷಗಳ ಕಾಲ ಒಬ್ಬನ ಏಕಸ್ವಾಮ್ಯವಾಗುತ್ತದೆ. ಅತಿ ಬಿಗಿಯಾದರೆ ನಿಜವಾದ ಸಂಶೋಧಕನ ಶ್ರಮಕ್ಕೆ ರಕ್ಷಣೆ ಸಿಗದೆ ಹೋಗುತ್ತದೆ.