ಹ್ಯಾಮ್ ರೇಡಿಯೊದಲ್ಲಿ ಸ್ವಯಂಚಾಲನೆ: ಒಂದು ವಿವಾದದ ಇತಿಹಾಸ

ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ರೇಡಿಯೊ ಕಲಿಯಹೊರಟವರಿಗೆ ಹೇಳಿಕೊಡುವ ಮೊದಲ ಪಾಠ 'ಮೊದಲು ಆಲಿಸಿ, ಆಮೇಲೆ ಪ್ರೇಷಿಸಿ' ಎಂಬುದು. ಹ್ಯಾಮ್‌ಗಳಿಗೆ ಸ್ವಂತ ಆವೃತ್ತಿ ಎಂಬುದಿಲ್ಲ. ಅಂತಾರಾಷ್ಟ್ರೀಯ ಒಪ್ಪಂದದಂತೆ ದೊರೆತ ಕೆಲವು ಬ್ಯಾಂಡ್‌ಗಳನ್ನು ಎಲ್ಲರೂ ಹಂಚಿಕೊಳ್ಳಬೇಕು. ದೂರ ಸಂಪರ್ಕಕ್ಕೆ ಹೆಸರಾದ 20 ಮೀಟರ್ ಬ್ಯಾಂಡನ್ನೇ ನೋಡಿ. ಅದು 14.000ರಿಂದ 14.350 ಮೆಗಾಹರ್ಟ್ಸ್‌ವರೆಗೆ, ಅಂದರೆ ಕೇವಲ 350 ಕಿಲೋಹರ್ಟ್ಸ್ ಅಗಲ. ಅಷ್ಟರಲ್ಲೇ ಇಡೀ ಜಗತ್ತಿನ ಹ್ಯಾಮ್‌ಗಳ ಮಾತುಕತೆ ನಡೆಯಬೇಕು.

ಹಾಗಿರುವಾಗ ಪ್ರೇಷಕದ ಮುಂದೆ ಮನುಷ್ಯನೇ ಇಲ್ಲದಿದ್ದರೆ ಆಲಿಸುವವರು ಯಾರು? ಹ್ಯಾಮ್‌ಗಳ ಮೇಜಿನ ಮೇಲೆ ಕಂಪ್ಯೂಟರ್ ಬಂದಂದಿನಿಂದ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದ್ದಿದೆ. ಅಮೆರಿಕದಲ್ಲಿ ಅದು ದಶಕಗಳ ಕಾಲ ನಡೆದ ವಿವಾದವಾಯಿತು. ಅಲ್ಲಿ ರೇಡಿಯೊ ನಿಯಮಗಳನ್ನು ರೂಪಿಸುವುದು ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ (ಎಫ್.ಸಿ.ಸಿ.).

ಯಂತ್ರವೇ ಅಂಚೆಯಾಳು

1978ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಹ್ಯಾಮ್‌ಗಳು 'ಪ್ಯಾಕೆಟ್ ರೇಡಿಯೊ' ಪ್ರಯೋಗ ನಡೆಸಿದರು. ಈ ವಿಧಾನದಲ್ಲಿ ಸಂದೇಶವನ್ನು ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ವಿಳಾಸ ಮತ್ತು ತಪ್ಪನ್ನು ಪತ್ತೆ ಹಚ್ಚುವ ಒಂದು ಸಂಖ್ಯೆಯನ್ನು ಸೇರಿಸಿ ಕಳುಹಿಸಲಾಗುತ್ತದೆ. ತುಂಡು ಸರಿಯಾಗಿ ತಲುಪದಿದ್ದರೆ ಅದು ಮತ್ತೆ ಬರುತ್ತದೆ. 1980ರಲ್ಲಿ ಎಫ್.ಸಿ.ಸಿ. ಕಂಪ್ಯೂಟರ್ ಸಂಕೇತಗಳ ಪ್ರೇಷಣೆಗೆ ಒಪ್ಪಿಗೆ ಕೊಟ್ಟಿತು. ಎಎಕ್ಸ್.25 ಎಂಬ ಸಾಮಾನ್ಯ ನಿಯಮಾವಳಿಯೂ ರೂಪುಗೊಂಡಿತು. ಸಂದೇಶಗಳನ್ನು ಶೇಖರಿಸಿಟ್ಟು ಮುಂದಿನ ಕೇಂದ್ರಕ್ಕೆ ತಾವಾಗಿಯೇ ರವಾನಿಸುವ ಕೇಂದ್ರಗಳು ಊರೂರುಗಳಲ್ಲಿ ಹುಟ್ಟಿಕೊಂಡವು. ಕೇಂದ್ರದ ಒಡೆಯ ನಿದ್ರಿಸುತ್ತಿದ್ದರೂ ಯಂತ್ರ ಅಂಚೆಯಾಳಿನ ಕೆಲಸ ಮಾಡುತ್ತಿತ್ತು.

ಇದರ ತೊಡಕು 1991ರಲ್ಲಿ, ಕೊಲ್ಲಿ ಯುದ್ಧದ ಸಮಯದಲ್ಲಿ ಬಯಲಾಯಿತು. ಯುದ್ಧವನ್ನು ವಿರೋಧಿಸುವವರು ಶುಲ್ಕ ತೆರಬೇಕಾದ ಒಂದು ದೂರವಾಣಿ ಸಂಖ್ಯೆಗೆ ಕರೆ ಮಾಡಬೇಕೆಂಬ ಸಂದೇಶ ಪ್ಯಾಕೆಟ್ ಜಾಲದಲ್ಲಿ ಹರಿದಾಡಿತು. ಹವ್ಯಾಸಿ ಬ್ಯಾಂಡ್‌ಗಳಲ್ಲಿ ವಾಣಿಜ್ಯ ಸಂದೇಶ ನಿಷಿದ್ಧ. ಎಫ್.ಸಿ.ಸಿ. ಸಂದೇಶವನ್ನು ರವಾನಿಸಿದ ಕೇಂದ್ರಗಳ ಪರವಾನಗಿದಾರರಿಗೂ ನೋಟೀಸು ಕಳುಹಿಸಿತು. ಸಂದೇಶ ಅವರ ಯಂತ್ರಗಳ ಮೂಲಕ ತಾನಾಗಿ ಹಾದುಹೋಗಿತ್ತಷ್ಟೆ! ಮುಂದೆ ನಿಯಮ ಬದಲಾಯಿತು. ಸಂದೇಶದಲ್ಲಿನ ತಪ್ಪಿಗೆ ಮುಖ್ಯ ಹೊಣೆ ಅದನ್ನು ಮೊದಲು ಕಳುಹಿಸಿದವರದು. ಅದನ್ನು ಮೊದಲು ಸ್ವೀಕರಿಸುವ ಕೇಂದ್ರ ಕಳುಹಿಸಿದವರ ಗುರುತನ್ನು ಖಚಿತಪಡಿಸಿಕೊಳ್ಳಬೇಕು, ಇಲ್ಲವೇ ಹೊಣೆಯನ್ನು ತಾನೇ ಹೊರಬೇಕು.

ಅಡಗಿದ ಕೇಂದ್ರದ ಸಮಸ್ಯೆ

ಹ್ರಸ್ವ ತರಂಗಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ಈ ತರಂಗಗಳು ಅಯಾನುಗೋಳದಿಂದ ಹಿಂದಿರುಗಿ ನೂರಾರು, ಸಾವಿರಾರು ಕಿಲೋಮೀಟರ್ ಆಚೆ ಭೂಮಿಯನ್ನು ತಲುಪುತ್ತವೆ. ನಡುವಿನ ಪ್ರದೇಶದಲ್ಲಿ ಏನೂ ಕೇಳಿಸದು. 'ಅ' ಎಂಬ ಹ್ಯಾಮ್ ದೂರದ 'ಬ' ಎಂಬ ಸ್ವಯಂಚಾಲಿತ ಕೇಂದ್ರವನ್ನು ಕರೆಯುತ್ತಾನೆ ಎಂದುಕೊಳ್ಳಿ. ಅದೇ ಆವೃತ್ತಿಯಲ್ಲಿ 'ಕ' ಎಂಬಾತ ಮೋರ್ಸ್ ಸಂಕೇತದಲ್ಲಿ ಸಂಭಾಷಿಸುತ್ತಿದ್ದಾನೆ. ಅದು 'ಅ'ನಿಗೆ ಕೇಳಿಸುವುದಿಲ್ಲ, 'ಬ'ದ ಆಂಟೆನಾಕ್ಕೆ ಕೇಳಿಸುತ್ತದೆ. 'ಬ'ದಲ್ಲಿ ಮನುಷ್ಯನಿದ್ದರೆ ಸುಮ್ಮನಿರುತ್ತಿದ್ದ. ತನ್ನ ವಿಧಾನದ ಸಂಕೇತವನ್ನಷ್ಟೇ ಗುರುತಿಸಬಲ್ಲ ಯಂತ್ರಕ್ಕಾದರೋ ಮೋರ್ಸ್ ಕೇವಲ ಗದ್ದಲ. ಅದು ಉತ್ತರಿಸಿಬಿಡುತ್ತದೆ. 'ಕ'ನ ಸಂಭಾಷಣೆ ಕೆಡುತ್ತದೆ. ದೂರು ಹೇಳೋಣವೆಂದರೆ ಆ ಕಡೆ ಯಾರೂ ಇಲ್ಲ.

ಸ್ವಯಂಚಾಲನೆಯ ಪರವಾಗಿದ್ದವರ ವಾದವೂ ಹಗುರವಾದುದಲ್ಲ. ನಡುಗಡಲಿನ ಸಣ್ಣ ದೋಣಿಯವರಿಗೆ, ದೂರವಾಣಿ ಕೆಟ್ಟುಹೋದ ವಿಕೋಪ ಪ್ರದೇಶಗಳಿಗೆ ಹಗಲಿರುಳೂ ಉತ್ತರಿಸುವ ಕೇಂದ್ರ ಬೇಕೇ ಬೇಕು. 2005ರ ಕತ್ರೀನಾ ಚಂಡಮಾರುತದ ವೇಳೆ ವಿನ್‌ಲಿಂಕ್ ಎಂಬ ರೇಡಿಯೊ ಇ-ಮೇಲ್ ಜಾಲ ಬಳಕೆಯಾಯಿತು. ಆಲಿಸದೆ ಪ್ರೇಷಿಸುವ ಮನುಷ್ಯರೇನು ಕಡಿಮೆಯೆ ಎಂದೂ ಅವರು ಕೇಳುತ್ತಿದ್ದರು.

1995ರಲ್ಲಿ ಎಫ್.ಸಿ.ಸಿ. ಮಧ್ಯಮ ಮಾರ್ಗ ಹಿಡಿಯಿತು. ಸಂಪೂರ್ಣ ಸ್ವಯಂಚಾಲಿತ ಡಿಜಿಟಲ್ ಕೇಂದ್ರಗಳಿಗೆ ಪ್ರತಿ ಬ್ಯಾಂಡಿನಲ್ಲೂ ಒಂದು ಸಣ್ಣ ಭಾಗ ಮೀಸಲಾಯಿತು. ಅದರಾಚೆ, ಡಿಜಿಟಲ್ ಸಂದೇಶಗಳಿಗೆ ಅವಕಾಶವಿರುವಲ್ಲಿ, ಮನುಷ್ಯ ಕರೆದಾಗ ಉತ್ತರಿಸಲು ಮಾತ್ರ ಅನುಮತಿ. ಆ ಉತ್ತರದ ಅಗಲವೂ 500 ಹರ್ಟ್ಸ್ ಮೀರಬಾರದು. 20 ಮೀಟರಿನಲ್ಲಿ ಈ ಮೀಸಲು ಭಾಗ 14.0995ರಲ್ಲಿ ನಿಂತು 14.1005ರಿಂದ ಮುಂದುವರಿಯುತ್ತದೆ. ನಡುವಣ 14.100 ಮೆಗಾಹರ್ಟ್ಸ್ ಅಂತಾರಾಷ್ಟ್ರೀಯ ದಾರಿದೀಪ ಕೇಂದ್ರಗಳ ಸ್ಥಾನ. ಜಗತ್ತಿನ 18 ಕಡೆಗಳಿಂದ ತಲಾ 10 ಸೆಕೆಂಡುಗಳಂತೆ, 3 ನಿಮಿಷಕ್ಕೊಂದು ಸುತ್ತು ಸಂಕೇತ ಬಿತ್ತರಿಸುವ ವ್ಯವಸ್ಥೆ ಇದು. ಇವೂ ಸ್ವಯಂಚಾಲಿತವೇ. ಆದರೆ ಅವುಗಳ ಸ್ಥಳ, ವೇಳೆ ಎಲ್ಲರಿಗೂ ಗೊತ್ತು. ಹಾಗಾಗಿ ಈ ಜಗಳ ಅವುಗಳನ್ನು ತಟ್ಟಲಿಲ್ಲ.

ವಿವಾದ ಅಲ್ಲಿಗೇ ಮುಗಿಯಲಿಲ್ಲ. ಬ್ಯಾಂಡ್‌ಗಳನ್ನು ವಿಧಾನಕ್ಕೆ ಬದಲು ಸಂಕೇತದ ಅಗಲಕ್ಕೆ ತಕ್ಕಂತೆ ವಿಭಾಗಿಸಬೇಕೆಂದು ಅಮೆರಿಕದ ಹ್ಯಾಮ್ ಸಂಘ ಎ.ಆರ್.ಆರ್.ಎಲ್. 2005ರಲ್ಲಿ ಮನವಿ ಸಲ್ಲಿಸಿತು. ಸ್ವಯಂಚಾಲಿತ ಕೇಂದ್ರಗಳು ಎಲ್ಲೆಡೆ ಹರಡುತ್ತವೆಂಬ ವಿರೋಧ ಎದ್ದಿತು. 2007ರಲ್ಲಿ ಮನವಿ ವಾಪಸಾಯಿತು. ಸೆಕೆಂಡಿಗೆ 300 ಸಂಜ್ಞೆಗಳೆಂಬ ಹಳೆಯ ಮಿತಿ ಹೋಗಿ, 2.8 ಕಿಲೋಹರ್ಟ್ಸ್ ಅಗಲದ ಮಿತಿ ಬಂದದ್ದು 2023ರ ಆದೇಶದಿಂದ.

ಗೆದ್ದವರು ಯಾರು?

2017ರಲ್ಲಿ ಎಫ್‌ಟಿ8 ಎಂಬ ವಿಧಾನ ಬಂತು. ಇದರ ಕರ್ತೃಗಳಲ್ಲೊಬ್ಬರಾದ ಜೋಸೆಫ್ ಟೇಲರ್, ಅವಳಿ ಪಲ್ಸಾರ್ ಶೋಧಕ್ಕಾಗಿ 1993ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು. ಇನ್ನೊಬ್ಬರು ಸ್ಟೀವ್ ಫ್ರಾಂಕ್. ಸುಮಾರು 50 ಹರ್ಟ್ಸ್ ಅಗಲದ ಈ ಸಂಕೇತ, ಕಿವಿಗೆ ಕೇಳಿಸದಷ್ಟು ಕ್ಷೀಣವಾಗಿದ್ದರೂ ಕಂಪ್ಯೂಟರಿಗೆ ಅರ್ಥವಾಗುತ್ತದೆ. ಕರೆಹೆಸರು, ಸ್ಥಳ, ಸಂಕೇತದ ಬಲ — ಇಷ್ಟೇ ವಿನಿಮಯ, 15 ಸೆಕೆಂಡುಗಳ ಸರದಿಯಲ್ಲಿ. ಸಂಪರ್ಕವನ್ನು ಆರಂಭಿಸುವ ಕೆಲಸವನ್ನು ಮಾತ್ರ ಕರ್ತೃಗಳು ಮನುಷ್ಯನಿಗೆ ಬಿಟ್ಟಿದ್ದರು. ಆದರೆ ತಂತ್ರಾಂಶದ ಮೂಲ ಎಲ್ಲರಿಗೂ ಮುಕ್ತ. ಕೆಲವರು ಅದನ್ನು ತಿದ್ದಿ, ಆ ಕೆಲಸವನ್ನೂ ಯಂತ್ರಕ್ಕೇ ವಹಿಸಿದರು. 100 ದೇಶ–ಪ್ರದೇಶಗಳೊಡನೆ ಸಂಪರ್ಕ ಸಾಧಿಸಿದವರಿಗೆ ಎ.ಆರ್.ಆರ್.ಎಲ್. ಪ್ರಶಸ್ತಿ ಕೊಡುತ್ತದೆ. ರಾತ್ರಿಯಿಡೀ ಕಂಪ್ಯೂಟರ್ ಒಂಟಿಯಾಗಿ ದುಡಿದರೆ ಪ್ರಶಸ್ತಿ ಯಾರಿಗೆ? ಎರಡೂ ಕಡೆಯ ಹ್ಯಾಮ್‌ಗಳು ಸ್ವತಃ ಆರಂಭಿಸಿದ ಸಂಪರ್ಕಗಳಿಗಷ್ಟೇ ಮನ್ನಣೆ ಎಂದು ಸಂಘ 2019ರಲ್ಲಿ ನಿಯಮ ಬಿಗಿಮಾಡಿತು.

ಹೀಗೆ ಒಂದೇ ಎಂದು ತೋರುವ ಈ ವಿವಾದದಲ್ಲಿ ಮೂರು ಪ್ರಶ್ನೆಗಳಿವೆ: ಆಲಿಸುವವರು ಯಾರು, ಹೊಣೆ ಯಾರದು, ಸಾಧನೆ ಯಾರದು. ಮೊದಲನೆಯದಕ್ಕೆ ಸ್ಥಳ ವಿಭಜನೆ, ಎರಡನೆಯದಕ್ಕೆ ಹೊಣೆಗಾರಿಕೆಯ ನಿಯಮ, ಮೂರನೆಯದಕ್ಕೆ ಪ್ರಶಸ್ತಿಯ ನಿಬಂಧನೆ ಉತ್ತರವಾಯಿತು. ಎಸ್.ಎಸ್.ಬಿ. ಸೌಲಭ್ಯದ ಹ್ರಸ್ವ ತರಂಗ ಗ್ರಾಹಕವಿರುವ ಶಾಲೆಗಳಲ್ಲಿ 14.074 ಮೆಗಾಹರ್ಟ್ಸ್‌ನ ಎಫ್‌ಟಿ8 ಸ್ವರಗಳನ್ನೂ 14.100ರ ದಾರಿದೀಪಗಳನ್ನೂ ಮಕ್ಕಳಿಗೆ ಕೇಳಿಸಿ, ಈ ಮೂರು ಪ್ರಶ್ನೆಗಳನ್ನು ಚರ್ಚೆಗಿಡಬಹುದು.