ಅರಳು ಮರಳು ಮತ್ತು ತಾಳ ತಪ್ಪಿದ ನಾಡಿ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಬೇಂದ್ರೆಯವರು ‘ಅರಳು ಮರಳು’ ಎಂದೇ ತಮ್ಮ ಸಂಗ್ರಹಕ್ಕೆ ಹೆಸರಿಟ್ಟರು. ಮರಳಿ ಅರಳುವ ಅರ್ಥವೂ ಆ ಮಾತಿನೊಳಗೇ ಇದ್ದಿತೆಂಬುದು ಆಗ ಹೊಳೆಯಿತು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆದರೆ ಕವಿಗೆ ಒದಗಿದ ಈ ಅರ್ಥ ಮನೆಮಂದಿಗೆ ಒದಗುವುದಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ನಮ್ಮ ಸೀಮೆಯಲ್ಲಿ ಮುದುಕರ ಮರೆವಿಗೆ ಇಂದಿಗೂ ಈ ಗಾದೆಯೇ ನಿದಾನ, ಗಾದೆಯೇ ಔಷಧ. ಕೆಲವರಲ್ಲಾದರೂ ಆ ಮರೆವಿನ ಹಿಂದೆ ಹೃದಯದ ತಾಳ ತಪ್ಪಿರುತ್ತದೆ ಎಂಬ ತಿಳಿವಳಿಕೆ ಹೇಗೆ ಬಂದಿತೆಂಬುದನ್ನು ಇಲ್ಲಿ ಹೇಳಬಯಸುತ್ತೇನೆ.

ಹಿರೇಕೆರೂರ ಕಡೆಯ ನನ್ನ ಸೋದರಮಾವ ಕುಮಾರವ್ಯಾಸ ಭಾರತವನ್ನು ರಾಗವಾಗಿ ಓದುತ್ತಿದ್ದರು. ಪುಸ್ತಕ ಎದುರಿಗಿದ್ದರೂ ಕಣ್ಣು ಅದರ ಮೇಲಿರುತ್ತಿರಲಿಲ್ಲ. ಎಪ್ಪತ್ತರ ಸಮೀಪದಲ್ಲಿ, ಷಟ್ಪದಿಯ ಮೂರನೆಯ ಸಾಲು ಮುಗಿದರೆ ನಾಲ್ಕನೆಯದು ತೋಚದೆ ನಿಂತುಬಿಡತೊಡಗಿದರು. ‘ವಯಸ್ಸಾತು ಬಿಡ್ರಿ, ಅರಳು ಮರಳು’ ಎಂದರು ಅತ್ತೆ. ಎದೆ ಡವಡವ ಎನ್ನುತ್ತದೆಂದು ಅವರು ಆಗಾಗ ಹೇಳುತ್ತಿದ್ದುದನ್ನು ಈ ಮರೆವಿಗೆ ಜೋಡಿಸಿ ನೋಡಿದವರಿಲ್ಲ. ಕೊನೆಗೆ ಲಕ್ವಾ ಹೊಡೆದು ಹುಬ್ಬಳ್ಳಿಗೆ ಒಯ್ದಾಗ ವೈದ್ಯರು ಮೊದಲು ಹಿಡಿದದ್ದು ಮಣಿಕಟ್ಟನ್ನು.

ನಾಡಿ ಹಿಡಿದು ನೋಡುವ ವಿದ್ಯೆ ನಮಗೆ ಹೊಸತಲ್ಲ. ಶಾರ್ಙ್ಗಧರ ಸಂಹಿತೆಯು ವಾತದ ನಾಡಿಯನ್ನು ಜಿಗಣೆ, ಹಾವುಗಳ ನಡೆಗೂ, ಪಿತ್ತದ್ದನ್ನು ಕಾಗೆ, ಕಪ್ಪೆಗಳ ನಡೆಗೂ, ಕಫದ್ದನ್ನು ಹಂಸ, ಪಾರಿವಾಳಗಳ ನಡೆಗೂ ಹೋಲಿಸುತ್ತದೆ. ನಿಂತು ನಿಂತು ನಡೆಯುವ ನಾಡಿ ಪ್ರಾಣಕ್ಕೆ ಎರವೆಂದೂ ಎಚ್ಚರಿಸುತ್ತದೆ. ಎಷ್ಟು ಚೆಲುವಾದ ಉಪಮೆಗಳು! ಆದರೆ ಅಲ್ಲಿ ಪ್ರಾಣದ ಮಾತಿದೆ, ನೆನಪಿನ ಮಾತಿಲ್ಲ.

ಇಂಗ್ಲೆಂಡಿನ ಬರ್ನ್ಲಿ ಎಂಬ ಗಿರಣಿಯೂರಿನಲ್ಲಿ ಜೇಮ್ಸ್ ಮೆಕೆಂಝಿ ಎಂಬ ಸಾಮಾನ್ಯ ವೈದ್ಯನು ತನ್ನ ರೋಗಿಗಳ ನಾಡಿಯನ್ನು ವರ್ಷಾನುಗಟ್ಟಲೆ ಕಾಗದದ ಮೇಲೆ ಮೂಡಿಸಿ, 1902ರಲ್ಲಿ ಅದನ್ನು ಕುರಿತು ಗ್ರಂಥವನ್ನೇ ಬರೆದನು. ದೊಡ್ಡ ಆಸ್ಪತ್ರೆಯ ಆಸರೆಯಿಲ್ಲದವನ ಸಾಧನೆಯಿದು. ಮುಂದೆ ಐಂತೋವನ್ನನ ಇಸಿಜಿ ಯಂತ್ರ ಬಂದಿತು. 1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್, ತಾಳಗೆಟ್ಟ ಈ ನಾಡಿಗೆ ಹೃದಯದ ಮೇಲಿನ ಕೋಣೆಗಳ ನಡುಕವೇ ಕಾರಣವೆಂದು ತೋರಿಸಿದನು. ಇದಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಎಂದು ಹೆಸರು. ಆ ಕೋಣೆಗಳು ಒತ್ತಿ ರಕ್ತವನ್ನು ದೂಡುವ ಬದಲು ನಿಮಿಷಕ್ಕೆ 350ಕ್ಕಿಂತಲೂ ಹೆಚ್ಚು ಸಲ ಬರಿದೆ ಅದುರುತ್ತವೆ. ಮೂಲೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ದೊಡ್ಡ ಚೂರು ಮಿದುಳಿಗೆ ಹೋದರೆ ಲಕ್ವಾ. ಸಣ್ಣ ಚೂರುಗಳು ಸದ್ದಿಲ್ಲದೆ ಹೋಗಿ ಅಲ್ಲಲ್ಲಿ ಮಿದುಳನ್ನು ಒಣಗಿಸುತ್ತವೆ. ಕೈಕಾಲು ಬೀಳದಿದ್ದುದರಿಂದ ಯಾರಿಗೂ ತಿಳಿಯುವುದಿಲ್ಲ. ಕಳೆದುಹೋಗುವುದು ಷಟ್ಪದಿಯ ನಾಲ್ಕನೆಯ ಸಾಲು.

1997ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನ ವಿದ್ವಾಂಸರು ಆರೂವರೆ ಸಾವಿರ ಹಿರಿಯರನ್ನು ಪರೀಕ್ಷಿಸಿ, ಈ ನಾಡಿಯವರಲ್ಲಿ ಮರೆವಿನ ಬೇನೆ ಸುಮಾರು ಇಮ್ಮಡಿಯೆಂದು ಪ್ರಕಟಿಸಿದರು. ಅದೇ ವರ್ಷ ನಮ್ಮ ತಾಲೂಕುಗಳು ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಗೆ ಸೇರಿದವು. ನಮ್ಮ ಚಾವಡಿಗಳಲ್ಲಿ ಜಿಲ್ಲೆಯದೇ ಸುದ್ದಿ.

ಇದರ ಔಷಧದ ಕಥೆ ಇನ್ನೂ ಸ್ವಾರಸ್ಯದ್ದು. 12ನೆಯ ಶತಮಾನದಲ್ಲಿ, ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಕಾಲದಲ್ಲಿ, ಚಾಲುಕ್ಯ ರಾಜಕುಮಾರ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು. ದನದ ರೋಗವನ್ನು ಗ್ರಂಥಕ್ಕೆ ತಕ್ಕ ವಸ್ತುವೆಂದು ಬಗೆದ ನಾಡು ನಮ್ಮದು. ಅಮೆರಿಕೆಯಲ್ಲಿ ಈ ಮದ್ದು ಹುಟ್ಟಿದ್ದೂ ದನದ ರೋಗದಿಂದಲೇ. 1920ರ ದಶಕದಲ್ಲಿ ಅಲ್ಲಿಯೂ ಕೆನಡಾದಲ್ಲಿಯೂ, ಕೆಟ್ಟ ಮೇವು ತಿಂದ ದನಗಳು ರಕ್ತ ನಿಲ್ಲದೆ ಸತ್ತವು. 1933ರ ಚಳಿಗಾಲದಲ್ಲಿ ಒಬ್ಬ ರೈತ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತದ ಹಾಲಿನ ಕ್ಯಾನನ್ನೂ ಹೇರಿಕೊಂಡು ಹಿಮದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕನ ಬಳಿಗೆ ಬಂದನು. ಆ ಮೇವಿನ ವಿಷವನ್ನು ಲಿಂಕ್ ಬೇರ್ಪಡಿಸಿದನು. ಅದರ ಬಂಧುವಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಅಂಗಡಿಗೆ ಬಂದು, 1954ರಲ್ಲಿ ಮನುಷ್ಯರ ಗುಳಿಗೆಯಾಯಿತು.

ಸ್ವೀಡನ್ನಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ತೂಗಿ ನೋಡಿದವರು, ಹೆಪ್ಪು ತಡೆಯುವ ಗುಳಿಗೆ ಪಡೆದವರಲ್ಲಿ ಮರೆವಿನ ಬೇನೆ ಶೇಕಡಾ 29ರಷ್ಟು ಕಡಿಮೆಯೆಂದು 2017ರಲ್ಲಿ ತಿಳಿಸಿದರು. ಆದರೆ ದಾಖಲೆಯ ಹೋಲಿಕೆ ಪ್ರಯೋಗವಲ್ಲ. ಲಕ್ವಾದ ಅಪಾಯ ಕಡಿಮೆಯಿರುವ ಕಿರಿಯ ರೋಗಿಗಳ ಮೇಲೆ ಕೆನಡಾದಲ್ಲಿ ನಡೆದ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲವೆಂದು 2024ರಲ್ಲಿ ವರದಿಯಾಯಿತು. ಆದ್ದರಿಂದ ಗುಳಿಗೆ ಕಳೆದ ನೆನಪನ್ನು ತರುತ್ತದೆಂದು ಯಾರೂ ನಂಬಬಾರದು. ಲಕ್ವಾವನ್ನು ಅದು ತಡೆಯುತ್ತದೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ನಮ್ಮ ಸೀಮೆಯ ತೊಡಕು ಬೇರೆ. ಬಾಲ್ಯದ ಕೀಲುಜ್ವರದಿಂದ ಹೃದಯದ ಕವಾಟ ತೀರ ಕಿರಿದಾದವರಿಗೆ ಹೊಸ ಗುಳಿಗೆಗಳು ಒಗ್ಗವು, ಹಳೆಯ ವಾರ್ಫರಿನ್ನೇ ಬೇಕು. ಅದನ್ನು ನುಂಗುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು: ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಹಳ್ಳಿಯ ಮುದುಕನಿಗೆ ಅದೆಂದರೆ ಬಸ್ಸಿನ ಪಯಣ, ಒಂದು ದಿನದ ಕೂಲಿ, ಜೊತೆಗೆ ಕೆಲಸ ಬಿಟ್ಟು ಬರುವ ಒಬ್ಬ ಮಗ. ಗುಳಿಗೆ ನಿಲ್ಲುವುದು ಇಲ್ಲಿ. ಅದಕ್ಕೂ ಮೊದಲಿನ ಕೆಲಸಕ್ಕೆ ಖರ್ಚಿಲ್ಲ. ಅಜ್ಜನೋ ಅಜ್ಜಿಯೋ ಸಂತೆಯ ಲೆಕ್ಕ ತಪ್ಪಿದ ದಿನ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಒಂದು ಪೂರ್ತಿ ನಿಮಿಷ ಎಣಿಸಬೇಕು; ಬಡಿತ ಅಡ್ಡಾದಿಡ್ಡಿಯಾಗಿದ್ದರೆ ತಾಲೂಕಿನ ದವಾಖಾನೆಯಲ್ಲಿ ಒಂದು ಇಸಿಜಿ ತೆಗೆಸಬೇಕು.